ಆರೋಗ್ಯ ದರ್ಶನ: ಶಸ್ತ್ರ ಮುಟ್ಟದ ಗಂಟಲು ಚಿಕಿತ್ಸೆ ಮತ್ತು ಮನೆಯವರ ಹೊಣೆ

ಗಂಟಲಿನಲ್ಲಿ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿದ ದಿನ ಮನೆಯವರ ಬಾಯಿಂದ ಹೊರಡುವ ಮೊದಲ ಮಾತು ಬಹುಮಟ್ಟಿಗೆ ಒಂದೇ: "ಕೊಯ್ಯಲೇಬೇಕೇ?" ಕೊಯ್ಯದೆಯೂ ವಿಕಿರಣದಿಂದ ಮತ್ತು ಔಷಧಿಯಿಂದ ಗುಣಪಡಿಸಲು ಸಾಧ್ಯವಿದೆ ಎಂಬ ಉತ್ತರ ಬಂದರೆ ಎಲ್ಲರಿಗೂ ಹೋದ ಜೀವ ಬಂದಂತಾಗುತ್ತದೆ. ಆ ಸಮಾಧಾನ ಸಹಜವಾದುದೇ. ಆದರೆ ಅದರ ಬೆನ್ನಿಗೇ ಒಂದು ತಪ್ಪು ತಿಳಿವಳಿಕೆಯೂ ಮನೆಯೊಳಗೆ ಬಂದು ಕುಳಿತುಕೊಳ್ಳುತ್ತದೆ. ಕತ್ತರಿ ಇಲ್ಲವೆಂದ ಮೇಲೆ ಗಾಯವಿಲ್ಲ, ಗಾಯವಿಲ್ಲವೆಂದ ಮೇಲೆ ನೋವಿಲ್ಲ, ಏಳು ವಾರ ಆಸ್ಪತ್ರೆಗೆ ಹೋಗಿಬಂದರೆ ಮುಗಿಯಿತು ಎಂಬುದೇ ಆ ತಿಳಿವಳಿಕೆ. ವಾಸ್ತವದಲ್ಲಿ ಆ ಏಳು ವಾರಗಳು ಆಸ್ಪತ್ರೆಯ ಪಾಲಿನ ಕೆಲಸ. ಉಳಿದುದು ಅಡಿಗೆಮನೆಯಲ್ಲಿ, ಊಟದ ಸಾಲಿನಲ್ಲಿ, ಪೂಜೆಯ ಕೋಣೆಯಲ್ಲಿ ವರ್ಷಗಟ್ಟಲೆ ನಡೆಯಬೇಕಾದುದು. ಅದನ್ನು ಮೊದಲೇ ಅರಿತ ಮನೆಯವರು ಬಂದ ತೊಡಕನ್ನು ತೊಡಕೆಂದೇ ಗುರುತಿಸುತ್ತಾರೆ. ಅರಿಯದವರು ಅದನ್ನು ರೋಗ ಮರುಕಳಿಸಿತೆಂದೋ, ಚಿಕಿತ್ಸೆಯೇ ಕೆಟ್ಟಿತೆಂದೋ ಭಾವಿಸಿ ಅರ್ಧದಲ್ಲಿ ಕೈಬಿಡುತ್ತಾರೆ.

ಗಂಟಲೆಂಬ ಒಂದೇ ಮಾತಿನಲ್ಲಿ ನಾವು ಅನೇಕ ಸ್ಥಾನಗಳನ್ನು ಸೇರಿಸಿಬಿಡುತ್ತೇವೆ. ನಾಲಿಗೆಯ ಬುಡ, ಟಾನ್ಸಿಲ್, ಅನ್ನನಾಳದ ಬಾಯಿಯ ಬಳಿಯ ಗಂಟಲಿನ ತಳ, ಮಾತು ಹುಟ್ಟುವ ಧ್ವನಿಪೆಟ್ಟಿಗೆ, ಇವೆಲ್ಲವೂ ಬೇರೆ ಬೇರೆ. ಧ್ವನಿತಂತುವಿನ ಮೇಲೆ ಮಾತ್ರ ಇರುವ ತೀರ ಆರಂಭದ ಗಂಟಿಗೆ ಒಂದು ಚಿಕ್ಕ ಜಾಗಕ್ಕಷ್ಟೇ ವಿಕಿರಣ ಕೊಟ್ಟರೆ ಸಾಕಾಗುತ್ತದೆ. ಅಂಥವರಲ್ಲಿ ನೂರಕ್ಕೆ 85ರಿಂದ 95 ಮಂದಿ ಗುಣಹೊಂದುತ್ತಾರೆ, ತೊಡಕುಗಳೂ ಅಲ್ಪ. ಆದುದರಿಂದ ಮೂರು ವಾರ ಕಳೆದರೂ ಒಡೆದ ಧ್ವನಿ ಸರಿಹೋಗದಿದ್ದರೆ ಕಷಾಯ ಕುಡಿಯುತ್ತ ಕೂರದೆ ಕಿವಿ ಮೂಗು ಗಂಟಲಿನ ತಜ್ಞರಲ್ಲಿ ತೋರಿಸಬೇಕು. ಮುಂದಿನ ಮಾತುಗಳೆಲ್ಲ ರೋಗ ಅಷ್ಟಿಷ್ಟು ಬೆಳೆದ ಮೇಲೆ, ಕುತ್ತಿಗೆಯ ಗ್ರಂಥಿಗಳನ್ನೂ ಸೇರಿಸಿ ಚಿಕಿತ್ಸೆ ಪಡೆಯುವವರಿಗೆ ಸಂಬಂಧಿಸಿದವು.

ಹಿಂದೆ ಇಂಥ ರೋಗಕ್ಕೆ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು ರೂಢಿಯಾಗಿತ್ತು. ಕ್ಯಾನ್ಸರಿಗಾಗಿ ಆ ಶಸ್ತ್ರಕ್ರಿಯೆಯನ್ನು ವಿಯೆನ್ನಾ ನಗರದಲ್ಲಿ ಬಿಲ್‌ರೋಥ್ ಎಂಬ ವೈದ್ಯರು 1873ರಲ್ಲಿಯೇ ಮಾಡಿದ್ದರು. ಜೀವ ಉಳಿಯುತ್ತಿತ್ತು, ಸಹಜ ಮಾತು ಹೋಗುತ್ತಿತ್ತು, ಕುತ್ತಿಗೆಯಲ್ಲಿ ಉಸಿರಾಟದ ರಂಧ್ರ ಕಾಯಂ ಆಗುತ್ತಿತ್ತು. 1991ರಲ್ಲಿ ಅಮೆರಿಕದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 332 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಮೊದಲು ಔಷಧಿ, ಅನಂತರ ವಿಕಿರಣ ಪಡೆದವರೂ, ಶಸ್ತ್ರಕ್ರಿಯೆ ಮಾಡಿಸಿಕೊಂಡು ವಿಕಿರಣ ಪಡೆದವರೂ ಎರಡು ವರ್ಷಗಳ ಕೊನೆಗೆ ಸಮಾನ ಪ್ರಮಾಣದಲ್ಲಿ, ಅಂದರೆ ಶೇ. 68ರಷ್ಟು ಮಂದಿ ಬದುಕಿದ್ದರು. ಔಷಧಿಯ ಗುಂಪಿನಲ್ಲಿ ಶೇ. 64ರಷ್ಟು ಮಂದಿಯ ಧ್ವನಿಪೆಟ್ಟಿಗೆಯೂ ಉಳಿದಿತ್ತು. 2003ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ವಿಕಿರಣದ ಜೊತೆಜೊತೆಗೇ ಸಿಸ್ಪ್ಲಾಟಿನ್ ಎಂಬ ಔಷಧಿಯನ್ನು ಕೊಟ್ಟಾಗ ಎರಡು ವರ್ಷಗಳ ತರುವಾಯ ಶೇ. 88ರಷ್ಟು ಮಂದಿಯಲ್ಲಿ ಧ್ವನಿಪೆಟ್ಟಿಗೆ ಉಳಿಯಿತು. ವಿಕಿರಣವೊಂದನ್ನೇ ಕೊಟ್ಟವರಲ್ಲಿ ಅದು ಶೇ. 70. ಜಗತ್ತಿನ ವೈದ್ಯರೆಲ್ಲ ಈ ಮಾರ್ಗ ಹಿಡಿದುದಕ್ಕೆ ಇವೇ ಕಾರಣ.

ಆದರೆ ಅದೇ ರೋಗಿಗಳನ್ನು ಹತ್ತು ವರ್ಷ ಗಮನಿಸಿ 2013ರಲ್ಲಿ ಕೊಟ್ಟ ವರದಿಯಲ್ಲಿ ಯೋಚನೆಗೆ ಹಚ್ಚುವ ಸಂಗತಿಯೊಂದಿದೆ. ಎರಡನ್ನೂ ಜೊತೆಯಾಗಿ ಪಡೆದವರಲ್ಲಿ ಧ್ವನಿಪೆಟ್ಟಿಗೆ ಹೆಚ್ಚು ಉಳಿದಿತ್ತು, ನಿಜ. ಆದರೆ ಕ್ಯಾನ್ಸರಿಗೆ ಸಂಬಂಧಿಸದ ಕಾರಣಗಳಿಂದ ತೀರಿಕೊಂಡವರ ಪ್ರಮಾಣವೂ ಅವರಲ್ಲಿಯೇ ಹೆಚ್ಚು: ಶೇ. 30.8. ವಿಕಿರಣವೊಂದನ್ನೇ ಪಡೆದವರಲ್ಲಿ ಅದು ಶೇ. 16.9. ಹೀಗೇಕಾಯಿತೆಂಬುದು ಪೂರ್ತಿ ಇತ್ಯರ್ಥವಾಗಿಲ್ಲ. ನುಂಗುವ ಶಕ್ತಿ ಕುಂದಿ ಅನ್ನಪಾನಗಳು ಶ್ವಾಸಕೋಶಕ್ಕೆ ಇಳಿಯುವುದೂ ಒಂದು ಕಾರಣವಿದ್ದೀತೆಂದು ತಜ್ಞರು ಶಂಕಿಸುತ್ತಾರೆ. ಧ್ವನಿಪೆಟ್ಟಿಗೆ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ವಿಕಿರಣಕ್ಕೆ "ಕರೆಂಟು ಕೊಡಿಸುವುದು" ಎಂಬ ಹೆಸರಿದೆ. ಅದು ವಿದ್ಯುತ್ತಲ್ಲ, ಕೊಡುವಾಗ ಏನೂ ಅನುಭವಕ್ಕೆ ಬರುವುದೂ ಇಲ್ಲ. ವಾರಕ್ಕೆ ಐದು ದಿನ, ದಿನಕ್ಕೆ ಕೆಲವೇ ನಿಮಿಷ, ಒಟ್ಟು 33ರಿಂದ 35 ಕಂತುಗಳಲ್ಲಿ 66ರಿಂದ 70 ಗ್ರೇ ಪ್ರಮಾಣವನ್ನು ಕೊಡಲಾಗುತ್ತದೆ. ಮೊದಲ ಹತ್ತು ದಿನ ರೋಗಿ ತಾನೇ ಬಸ್ಸು ಹತ್ತಿ ಬಂದು ಹೋಗುತ್ತಾನೆ. "ಇಷ್ಟೇ ಏನ್ರೀ?" ಎಂದು ನಗುತ್ತಾನೆ. ಎರಡನೆಯ ಅಥವಾ ಮೂರನೆಯ ವಾರದಿಂದ ಬಾಯಿ ಗಂಟಲುಗಳ ಒಳಪೊರೆ ಕೆಂಪಾಗಿ ಸುಲಿಯುತ್ತದೆ, ಹುಣ್ಣಾಗುತ್ತದೆ. ರುಚಿ ಹೋಗುತ್ತದೆ, ಉಗುಳು ಅಂಟಂಟಾಗಿ ನೂಲಿನಂತೆ ಎಳೆಯುತ್ತದೆ. ನೀರು ನುಂಗಿದರೂ ಉರಿ. ವೇಗವಾಗಿ ಬೆಳೆಯುವ ಜೀವಕೋಶಗಳನ್ನು ವಿಕಿರಣ ಕೊಲ್ಲುತ್ತದೆ. ಕ್ಯಾನ್ಸರಿನ ಕೋಶಗಳಂತೆ ಬಾಯೊಳಗಿನ ಪೊರೆಯ ಕೋಶಗಳೂ ಅಂಥವೇ. ಪೊರೆ ಮರಳಿ ಬೆಳೆಯುತ್ತದೆ, ಗಂಟು ಬೆಳೆಯಬಾರದು ಎಂಬುದೇ ಈ ಚಿಕಿತ್ಸೆಯ ಲೆಕ್ಕಾಚಾರ.

ಇಲ್ಲಿಯೇ ಬಹಳ ಮನೆಗಳು ಎಡವುತ್ತವೆ. ನಾಲ್ಕನೆಯ ವಾರಕ್ಕೆ ಮನೆಯ ಹಿರಿಯರು ಸೊರಗಿದ್ದನ್ನು ನೋಡಲಾರದೆ, "ಒಂದಿಷ್ಟು ಚೇತರಿಸಿಕೊಳ್ಳಲಿ, ಹಬ್ಬ ಮುಗಿಸಿಕೊಂಡು ಹೋದರಾಯಿತು" ಎಂದು ಊರಿಗೆ ಕರೆತರುತ್ತಾರೆ. ಪ್ರೀತಿಯಿಂದ ಮಾಡುವ ಈ ಕೆಲಸ ರೋಗಿಗೆ ದೊಡ್ಡ ಹಾನಿಯನ್ನುಂಟುಮಾಡುತ್ತದೆ. ನಡುವೆ ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಒಂದೊಂದು ದಿನದ ವಿಳಂಬಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಿಂದ 1.4ರಷ್ಟು ಕುಗ್ಗುತ್ತದೆಂದು ಅಂದಾಜು. ಆದುದರಿಂದ ಹುಣ್ಣಿನ ನೋವಿಗೆ ಔಷಧಿ ಕೇಳಬೇಕೇ ಹೊರತು ಚಿಕಿತ್ಸೆಯನ್ನು ನಿಲ್ಲಿಸಬಾರದು. ನೋವು ತಡೆಯಲಾರದಷ್ಟಿದ್ದರೆ ಮಾರ್ಫಿನ್ ಕೊಡುವುದೂ ಉಂಟು. ವೈದ್ಯರ ನಿಗಾದಲ್ಲಿ ಆ ಕೆಲವು ವಾರ ತೆಗೆದುಕೊಂಡ ಮಾತ್ರಕ್ಕೆ ಚಟ ಅಂಟಿತೆಂಬ ಭಯ ಬೇಡ. ಇನ್ನೂ ಒಂದು ಮಾತು: ಚಿಕಿತ್ಸೆ ಮುಗಿದ ದಿನದಿಂದ ಇಳಿಮುಖವಾಗುವುದಿಲ್ಲ ಈ ಹುಣ್ಣು. ಮುಗಿದ ಮೇಲಿನ ಒಂದೆರಡು ವಾರಗಳಲ್ಲಿ ಅದು ತೀವ್ರವಾಗಿ, ಆಮೇಲೆ ನಿಧಾನವಾಗಿ ಮಾಯುತ್ತದೆ. ಕೊನೆಯ ಕಂತು ಮುಗಿಸಿ ಹಾರ ಹಾಕಿಸಿಕೊಂಡು ಮನೆಗೆ ಬಂದವರು ಮರುವಾರ ಮೊದಲಿಗಿಂತ ಹೆಚ್ಚು ನರಳಿದರೆ ಅದಕ್ಕಾಗಿ ಗಾಬರಿಯಾಗಬೇಕಿಲ್ಲ.

ಬಾಯಿ ಮುಕ್ಕಳಿಸಲು ಪೇಟೆಯ ಉರಿಯುವ ದ್ರವಗಳು ಬೇಡ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡಿಗೆ ಸೋಡಾ ಬೆರೆಸಿ ದಿನಕ್ಕೆ ಆರೆಂಟು ಬಾರಿ ಮುಕ್ಕಳಿಸಿ ಉಗುಳಿದರೆ ಸಾಕು. ನಾಲಿಗೆಯ ಮೇಲೆ ಮೊಸರಿನ ಕೆನೆಯಂಥ ಬಿಳಿಯ ಪದರ ಕಂಡರೆ ಅದು ಬೂಷ್ಟಿನ ಸೋಂಕು. ಕೆರೆದು ತೆಗೆಯಲು ಹೋಗದೆ ವೈದ್ಯರಿಗೆ ತಿಳಿಸಿದರೆ ಕೆಲವೇ ದಿನಗಳ ಔಷಧಿಯಿಂದ ಹೋಗುತ್ತದೆ.

ಈಗ ಅಡಿಗೆಮನೆಯ ವಿಚಾರ. ಖಾರ, ಹುಳಿ, ಕಟಕಟನೆ ಕಡಿಯುವ ಖಡಕ್ ರೊಟ್ಟಿ, ಒಣ ಚಟ್ನಿಪುಡಿ ಇವು ನಮ್ಮ ಉತ್ತರದ ಜಿಲ್ಲೆಗಳ ಊಟದ ಜೀವಾಳ. ಸುಲಿದ ಗಂಟಲಿಗೆ ಇವೇ ಶತ್ರುಗಳು. ಜೋಳದ ನುಚ್ಚನ್ನು ಹಾಲಿನಲ್ಲಿ ಮೆತ್ತಗೆ ಬೇಯಿಸಿ ಕೊಡಬಹುದು. ರಾಗಿ ಅಂಬಲಿ, ಸಜ್ಜಕ, ಹೆಸರುಬೇಳೆಯ ತಿಳಿ ಕಿಚಡಿ, ಮೊಸರನ್ನದ ಗಂಜಿ, ಬಾಳೆಹಣ್ಣು ಕಿವುಚಿದ ಹಾಲು ಇವೆಲ್ಲ ಇಳಿಯುತ್ತವೆ. ಮಾಂಸ ಮೊಟ್ಟೆ ಮುಟ್ಟದ ನಮ್ಮ ಮನೆಗಳಲ್ಲಿ ಪ್ರೋಟೀನಿನ ಲೆಕ್ಕ ತಪ್ಪದಂತೆ ನೋಡಬೇಕು. ಹಾಲು, ಮೊಸರು, ಬೇಳೆ, ನುಣ್ಣಗೆ ಅರೆದ ಶೇಂಗಾ, ಹಾಲಿನಪುಡಿ ಇವನ್ನು ಪ್ರತಿ ಬಟ್ಟಲಿಗೂ ಸೇರಿಸಬೇಕು. ತುಪ್ಪಕ್ಕೆ ಈ ಕಾಲದಲ್ಲಿ ಜಿಪುಣತನ ಬೇಡ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಶ್ರಾವಣ ಸೋಮವಾರ, ಶಿವರಾತ್ರಿ ಎಂದು ಉಪವಾಸ ಮಾಡುವ ತಾಯಂದಿರಿಗೆ ಕೈಮುಗಿದು ಹೇಳುವೆ: ಈ ವರ್ಷದ ಉಪವಾಸವನ್ನು ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ.

ಪ್ರಸಾದವನ್ನು ಬಿಡಬಾರದು, ತಟ್ಟೆಯನ್ನು ತೊಳೆದು ಕುಡಿಯಬೇಕೆಂಬ ನಿಷ್ಠೆ ನಮ್ಮ ಹಿರಿಯರಲ್ಲಿ ಇನ್ನೂ ಗಟ್ಟಿಯಾಗಿದೆ. ಗಂಟಲು ಒಲ್ಲದಿದ್ದರೂ ಎಲೆಯಲ್ಲಿ ಬಿಟ್ಟರೆ ದೋಷವೆಂದು ಕಣ್ಣೀರಿಡುತ್ತ ನುಂಗುವವರಿದ್ದಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಬಿಡುವಂತಾದೀತೆಂದು ಹೆದರಿ ಬಡಿಸಿಕೊಳ್ಳದೆಯೇ ಏಳುವುದು. ಬಡಿಸುವವರು ಇದನ್ನು ಅರಿಯಬೇಕು. ಮೂರು ಹೊತ್ತಿನ ಊಟವನ್ನು ಏಳೆಂಟು ಸಣ್ಣ ಬಟ್ಟಲುಗಳಾಗಿ ಒಡೆದು, ಪ್ರತಿಸಲ ನಾಲ್ಕಾರು ಚಮಚವಷ್ಟನ್ನೇ ನೀಡಿದರೆ ಬಿಡುವ ಪ್ರಸಂಗವೇ ಬಾರದು, ನಿಷ್ಠೆಗೂ ಭಂಗವಾಗದು.

ತೊಡಕುಗಳಲ್ಲೆಲ್ಲ ದೊಡ್ಡದು ನುಂಗುವ ಶಕ್ತಿಯ ನಷ್ಟ. ಇದರ ಬಗ್ಗೆ ಕೊಂಚ ವಿಸ್ತಾರವಾಗಿಯೇ ಬರೆಯುವುದು ಅವಶ್ಯ. ಒಂದು ತುತ್ತು ನುಂಗಲು ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳ ಹತ್ತಾರು ಸ್ನಾಯುಗಳು ಒಂದೇ ಕ್ಷಣದಲ್ಲಿ ಕೂಡಿ ಕೆಲಸ ಮಾಡಬೇಕು. ಧ್ವನಿಪೆಟ್ಟಿಗೆ ಮೇಲೆದ್ದು ಮುಚ್ಚಿಕೊಂಡರೆ ಮಾತ್ರ ಅನ್ನ ಅನ್ನನಾಳಕ್ಕೆ ಹೋಗುತ್ತದೆ, ಇಲ್ಲವಾದರೆ ಶ್ವಾಸನಾಳಕ್ಕೆ. ವಿಕಿರಣ ತಾಗಿದ ಸ್ನಾಯುಗಳು ಮೊದಲು ಊದಿಕೊಂಡು ಕ್ರಮೇಣ ನಾರಿನಂತೆ ಬಿಗಿಯುತ್ತವೆ. ನೋವೆಂದು ನುಂಗುವುದನ್ನೇ ಬಿಟ್ಟ ಗಂಟಲು ಕೆಲವೇ ವಾರಗಳಲ್ಲಿ ಆ ವಿದ್ಯೆಯನ್ನು ಮರೆಯತೊಡಗುತ್ತದೆ. ತಿಂಗಳುಗಟ್ಟಲೆ ಮಲಗಿದವನ ಕಾಲು ಸೋಲುವಂತೆಯೇ ಇದು. ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು 497 ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವಿಷಯವೂ ಅದೇ: ಚಿಕಿತ್ಸೆಯುದ್ದಕ್ಕೂ ಅಷ್ಟಿಷ್ಟಾದರೂ ಬಾಯಿಂದ ಉಂಡವರು, ಗಂಟಲಿನ ವ್ಯಾಯಾಮ ಮಾಡಿದವರು ಆಮೇಲೆ ಸಾಮಾನ್ಯ ಊಟಕ್ಕೆ ಹೆಚ್ಚಾಗಿ ಮರಳಿದರು. ಎರಡನ್ನೂ ಮಾಡಿದವರ ಫಲ ಎಲ್ಲರಿಗಿಂತ ಉತ್ತಮವಾಗಿತ್ತು.

ತೂಕ ತೀರ ಇಳಿದಾಗ ಮೂಗಿನ ಮೂಲಕವೋ ಹೊಟ್ಟೆಗೆ ನೇರವಾಗಿಯೋ ಆಹಾರದ ನಳಿಕೆ ಹಾಕುತ್ತಾರೆ. ನಳಿಕೆಯೆಂದರೆ ಅಂತ್ಯಕಾಲವೆಂದು ತಿಳಿದು ಬೇಡವೆನ್ನುವವರಿದ್ದಾರೆ. ಹಾಗಲ್ಲ, ಅದು ಚಿಕಿತ್ಸೆಯನ್ನು ಪೂರೈಸಲು ಕೊಡುವ ಊರುಗೋಲು. ಆದರೆ ಊರುಗೋಲು ಬಂತೆಂದು ಕಾಲನ್ನು ಮಡಿಸಿಡಬಾರದು. ವೈದ್ಯರು ಬಾಯಿಂದ ಕೊಡಬಾರದೆಂದು ನಿಷೇಧಿಸದಿದ್ದರೆ, ನಳಿಕೆ ಇದ್ದಾಗಲೂ ದಿನಕ್ಕೆ ಹಲವು ಬಾರಿ ಕೆಲವು ಚಮಚಗಳನ್ನಾದರೂ ನುಂಗಿಸುತ್ತಿರಬೇಕು. ವ್ಯಾಯಾಮಗಳನ್ನು ವಾಕ್ ಚಿಕಿತ್ಸಕರು ಕಲಿಸುತ್ತಾರೆ. ಗಂಟಲನ್ನು ಬಲವಾಗಿ ಹಿಂಡಿ ಉಗುಳು ನುಂಗುವುದು, ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೆಲ್ಲನೆ ಹಿಡಿದು ಬರಿಯ ಉಗುಳನ್ನು ನುಂಗುವುದು, ಅಂಗಾತ ಮಲಗಿ ಭುಜ ಎತ್ತದೆ ತಲೆಯನ್ನಷ್ಟೇ ಎತ್ತಿ ಕಾಲ್ಬೆರಳು ನೋಡುವುದು ಮೊದಲಾದವು. ಇವನ್ನು ವಿಕಿರಣ ಆರಂಭವಾಗುವ ಮೊದಲೇ ಕಲಿತಿರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ವಿದ್ಯೆಯ ತಜ್ಞರು ತರಬೇತಾಗುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಅವರು ಸಿಗುತ್ತಾರಾದರೂ ಕೇಳದೆ ಯಾರೂ ಅವರಲ್ಲಿಗೆ ಕಳಿಸದಿರುವುದೂ ಉಂಟು. ಆದುದರಿಂದ ನೀವಾಗಿಯೇ ಕೇಳಿ.

ನೀರಿನಂಥ ತೆಳುವಾದ ಪದಾರ್ಥವೇ ಸುಲಭವೆಂದು ನಾವು ತಿಳಿಯುತ್ತೇವೆ. ಸೋತ ಗಂಟಲಿಗೆ ಅದೇ ಅಪಾಯಕರ. ಮುಚ್ಚಿಕೊಳ್ಳಲು ತಡಮಾಡುವ ಬಾಗಿಲಿನೊಳಗೆ ನೀರು ಬೇಗನೆ ನುಗ್ಗಿಬಿಡುತ್ತದೆ. ನೀರು ಕುಡಿದೊಡನೆ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ನೀರು ಗುಳುಗುಳು ಎನ್ನುವಂಥ ಧ್ವನಿ, ಪದೇ ಪದೇ ಜ್ವರ ಮತ್ತು ಎದೆಯಲ್ಲಿ ಕಫ ಇವು ಅದರ ಕುರುಹುಗಳು. ಕೆಲವರಲ್ಲಿ ಕೆಮ್ಮೇ ಬಾರದೆ ಮೌನವಾಗಿಯೂ ಇಳಿಯುತ್ತದೆ. ಅಂಥವರಿಗೆ ತೀರ್ಥ ಪಾದೋದಕವನ್ನು ಕೊಡುವಾಗ ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿಯುವ ಪದ್ಧತಿ ಸರ್ವಥಾ ಬೇಡ. ನೆಟ್ಟಗೆ ಕೂರಿಸಿ, ಗದ್ದವನ್ನು ಎದೆಯ ಕಡೆಗೆ ತುಸು ಬಾಗಿಸಿ, ಚಮಚದ ತುದಿಯಷ್ಟು ಕೊಟ್ಟರೆ ಸಾಕು. ನೀರಿಗೆ ಬದಲು ಅಂಬಲಿಯಂಥ ಗಟ್ಟಿ ದ್ರವ ಕೆಲವರಿಗೆ ಹಿಡಿಸುತ್ತದೆ. ಆದರೆ ಅನ್ನನಾಳವೇ ಕಿರಿದಾದವರಿಗೆ ಗಟ್ಟಿಯಾದುದೇ ಸಿಕ್ಕಿಕೊಳ್ಳುತ್ತದೆ. ಯಾರಿಗೆ ಯಾವುದೆಂದು ಬೇರಿಯಂ ನುಂಗಿಸಿ ತೆಗೆಯುವ ಎಕ್ಸ್‌ರೇ ಚಲನಚಿತ್ರದಿಂದ ಗೊತ್ತಾಗುತ್ತದೆ. ಕಿರಿದಾದ ಅನ್ನನಾಳವನ್ನು ದುರ್ಬೀನಿನ ಮೂಲಕ ಹಿಗ್ಗಿಸಲೂಬಹುದು. ಇನ್ನು ಹಾಗೆಯೇ ಎಂದು ಕೈಚೆಲ್ಲಬೇಕಿಲ್ಲ.

ನಮ್ಮ ಸಮಾಜದವರಿಗೇ ವಿಶೇಷವಾದ ಪ್ರಶ್ನೆ ಇಷ್ಟಲಿಂಗದ್ದು. ಕೊರಳಲ್ಲಿ ಧರಿಸಿದ ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ನಿಷ್ಠೆಯವರು ವಿಕಿರಣದ ಕೋಣೆಯ ಬಾಗಿಲಲ್ಲಿ ಕರಡಿಗೆಯನ್ನು ತೆಗೆದಿಡಲು ಹೇಳಿದಾಗ ತಲ್ಲಣಿಸುತ್ತಾರೆ. ಯಂತ್ರದಡಿ ತಲೆ ಕುತ್ತಿಗೆಗಳು ದಿನವೂ ಒಂದೇ ಭಂಗಿಯಲ್ಲಿರಲೆಂದು ಮೊದಲ ದಿನವೇ ಪ್ಲಾಸ್ಟಿಕ್ಕಿನ ಅಚ್ಚೊಂದನ್ನು ಮುಖ ಕುತ್ತಿಗೆಗಳ ಮೇಲೆ ತಯಾರಿಸುತ್ತಾರೆ. ಅದರಡಿ ದಾರವಾಗಲಿ ಬೆಳ್ಳಿಯಾಗಲಿ ಇರುವಂತಿಲ್ಲ. ಮೇಲಾಗಿ, ಮೂರನೆಯ ವಾರದಿಂದ ಕುತ್ತಿಗೆಯ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಗಿ ಸುಲಿಯುತ್ತದೆ. ಶಿವದಾರ ಉಜ್ಜಿದ ಕಡೆ ಹಸಿ ಗಾಯವಾಗುತ್ತದೆ. ನಮ್ಮ ಶಾಸ್ತ್ರಗಳು ಲಿಂಗಧಾರಣೆಗೆ ಕಂಠವೊಂದನ್ನೇ ಹೇಳಿಲ್ಲ. ಕಕ್ಷ, ಕರಸ್ಥಲ, ಉತ್ತಮಾಂಗ ಮೊದಲಾಗಿ ಬೇರೆ ಸ್ಥಾನಗಳನ್ನೂ ಹೇಳಿವೆ. ಅಚ್ಚು ತೆಗೆಯುವ ದಿನಕ್ಕೆ ಮುಂಚೆಯೇ ತಮ್ಮ ಗುರುಗಳನ್ನು ಕೇಳಿ, ಮೆತ್ತನೆಯ ಬಟ್ಟೆಯಲ್ಲಿ ತೋಳಿಗೆ ಕಟ್ಟಿಕೊಳ್ಳುವ ಏರ್ಪಾಡು ಮಾಡಿಕೊಂಡು, ಅದನ್ನು ಚಿಕಿತ್ಸೆಯ ಸಿಬ್ಬಂದಿಗೆ ತಿಳಿಸಿದರೆ ಬಹುಪಾಲು ಪ್ರಸಂಗಗಳಲ್ಲಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ರುದ್ರಾಕ್ಷಿ ಮಾಲೆಯನ್ನು ಆ ಕೆಲವು ತಿಂಗಳು ಪೂಜೆಯ ಕೋಣೆಯಲ್ಲಿಡಬೇಕು. ವಿಭೂತಿಯನ್ನು ಹಣೆಗೆ ಧರಿಸಬಹುದು, ಕುತ್ತಿಗೆಗೆ ಬೇಡ. ಅಲ್ಲಿ ಅರಿಶಿನ, ಸುಗಂಧದ ಎಣ್ಣೆ, ಸಾಬೂನಿನ ಉಜ್ಜಾಟ, ಕ್ಷೌರದ ಬ್ಲೇಡು ಯಾವುದೂ ಬೇಡ. ಅಗಲ ಕೊರಳಿನ ಹತ್ತಿಯ ಅಂಗಿ ಹಿತಕರ.

ಹಲ್ಲುಗಳ ವಿಷಯವನ್ನು ಚಿಕಿತ್ಸೆಗೆ ಮುಂಚೆಯೇ ವಿಚಾರಿಸಬೇಕು. ವಿಕಿರಣದಿಂದ ಲಾಲಾಗ್ರಂಥಿಗಳು ಬತ್ತುತ್ತವೆ. ಲಾಲಾರಸವಿಲ್ಲದ ಬಾಯಲ್ಲಿ ಹಲ್ಲುಗಳು ವಸಡಿನ ಅಂಚಿನಲ್ಲಿ ಸುತ್ತಲೂ ಕೊರೆದಂತೆ ಹುಳುಕಾಗುತ್ತವೆ. ಅದಕ್ಕಿಂತ ಗಂಭೀರವಾದುದು ಕೆಳದವಡೆಯ ಮೂಳೆಯ ಸ್ಥಿತಿ. ವಿಕಿರಣ ತಾಗಿದ ಮೂಳೆಗೆ ರಕ್ತಸಂಚಾರ ಕುಂದಿರುತ್ತದೆ. ಅಂಥಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸತ್ತು ಹೊರಬರುವ ಸಂಭವವಿದೆ. ವರ್ಷಗಳು ಕಳೆದರೂ ಈ ಅಪಾಯ ಹೋಗುವುದಿಲ್ಲ. ಆದುದರಿಂದ ಕೀಳಲೇಬೇಕಾದ ಹಲ್ಲುಗಳನ್ನು ವಿಕಿರಣಕ್ಕೆ ಎರಡು ವಾರ ಮೊದಲೇ ಕೀಳಿಸಿ, ಉಳಿದವನ್ನು ಫ್ಲೋರೈಡ್ ಲೇಪನದಿಂದ ಕಾಪಾಡಿಕೊಳ್ಳಬೇಕು. ವಿಕಿರಣವನ್ನು ಗುರಿಯಿಟ್ಟು ಕೊಡುವ ಐ.ಎಂ.ಆರ್.ಟಿ. ವಿಧಾನದಿಂದ ಲಾಲಾಗ್ರಂಥಿಗಳನ್ನು ಸ್ವಲ್ಪಮಟ್ಟಿಗೆ ಉಳಿಸಬಹುದು. ಬ್ರಿಟನ್ನಿನಲ್ಲಿ 94 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಬಾಯಿ ಒಣಗುವ ಬಾಧೆ ಹಳೆಯ ವಿಧಾನದವರಲ್ಲಿ ಶೇ. 74, ಇದರಲ್ಲಿ ಶೇ. 38 ಇತ್ತು. ಬಾಯಿ ತೆರೆಯುವಿಕೆಯೂ ಕಿರಿದಾಗಬಹುದು. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಸೇರಿಸಲು ಆಗುತ್ತದೆಯೇ ಎಂದು ರೋಗಿ ವಾರಕ್ಕೊಮ್ಮೆ ನೋಡಿಕೊಳ್ಳಲಿ. ಆಗದಿದ್ದರೆ ದವಡೆಯ ವ್ಯಾಯಾಮವನ್ನು ಕೂಡಲೆ ಆರಂಭಿಸಬೇಕು.

ಸಿಸ್ಪ್ಲಾಟಿನ್ ಔಷಧಿಯ ತೊಡಕುಗಳು ಬೇರೆ. ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಅದಕ್ಕಾಗಿಯೇ ಬಾಟಲಿಗಟ್ಟಲೆ ಸಲೈನು ಏರಿಸುತ್ತಾರೆ. ಆ ದಿನಗಳಲ್ಲಿ ಮೈಕೈ ನೋವಿಗೆಂದು ಔಷಧದ ಅಂಗಡಿಯಿಂದ ತಂದ ಮಾತ್ರೆಗಳನ್ನೂ, ಯಾರೋ ಹೇಳಿದ ಬೇರುಗಳ ಚೂರ್ಣವನ್ನೂ ವೈದ್ಯರಿಗೆ ಹೇಳದೆ ಕೊಡಬಾರದು. ಕಿವಿಯಲ್ಲಿ ಗುಂಯ್ ಎನ್ನುವ ನಾದ, ಸಣ್ಣ ದನಿಯ ಮೊಮ್ಮಕ್ಕಳ ಮಾತು ಕೇಳಿಸದಿರುವುದು ಶ್ರವಣನಾಶದ ಮೊದಲ ಸೂಚನೆ. ಇದು ಮರಳಿ ಬಾರದ ನಷ್ಟವಾದ್ದರಿಂದ ಮುಂದಿನ ಸಲದ ಔಷಧಿಗೆ ಮುನ್ನವೇ ತಿಳಿಸಬೇಕು. ಮೂತ್ರಪಿಂಡವೋ ಕಿವಿಯೋ ಮೊದಲೇ ದುರ್ಬಲವಾಗಿದ್ದವರಿಗೆ ಡೋಸಿಟಾಕ್ಸೆಲ್ ಎಂಬ ಬೇರೆ ಔಷಧಿಯನ್ನು ವಿಕಿರಣದ ಜೊತೆ ವಾರಕ್ಕೊಮ್ಮೆ ಕೊಡುವ ಕ್ರಮವನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಪ್ರಯೋಜನಕರವೆಂದು 2023ರಲ್ಲಿ ಪ್ರಕಟಿಸಿದ್ದಾರೆ. ಈ ಔಷಧಿಗಳ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಬೇಕು. ಬಿಳಿಯ ರಕ್ತಕಣಗಳು ಕುಗ್ಗಿದಾಗ ಸೋಂಕು ತಾಸುಗಳಲ್ಲಿ ವ್ಯಾಪಿಸುತ್ತದೆ.

ತಿಂಗಳುಗಳು ಕಳೆದು ರೋಗಿ ಓಡಾಡತೊಡಗಿದ ಮೇಲೆ ಬರುವ ತೊಡಕುಗಳು ಮೋಸಗೊಳಿಸುವಂಥವು. ಗದ್ದದ ಕೆಳಗೆ ಮೆತ್ತಗೆ ಜೋತುಬೀಳುವ ಊತ ಕಂಡು ಮನೆಮಂದಿ ಗಂಟು ಮತ್ತೆ ಬಂತೆಂದು ಅಳುತ್ತಾರೆ. ಬೆಳಗ್ಗೆ ಹೆಚ್ಚಾಗಿ ಸಂಜೆಗೆ ಇಳಿಯುವ ಮೆತ್ತನೆಯ ಊತ ಸಾಮಾನ್ಯವಾಗಿ ಹರಿದುಹೋಗಲಾರದ ದುಗ್ಧರಸದ್ದು. ಅದಕ್ಕೆ ಅಂಗಮರ್ದನದ ಕ್ರಮವಿದೆ. ಗಟ್ಟಿಯಾಗಿ ಬೆಳೆಯುವ ಗಂಟು, ಕಿವಿಯತ್ತ ಚುಚ್ಚುವ ಹೊಸ ನೋವು, ಉಗುಳಿನಲ್ಲಿ ರಕ್ತ ಇವನ್ನು ಮಾತ್ರ ತಡಮಾಡದೆ ತೋರಿಸಬೇಕು. ಉಸಿರೆಳೆಯುವಾಗ ಗೊರಗೊರ ಶಬ್ದ ಬಂದರೆ ಧ್ವನಿಪೆಟ್ಟಿಗೆ ಊದಿ ದಾರಿ ಮುಚ್ಚುತ್ತಿದೆಯೆಂದು ತಿಳಿದು ಆ ಕ್ಷಣವೇ ಹೊರಡಬೇಕು. ರೋಗ ಉಳಿದಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನನ್ನು ಚಿಕಿತ್ಸೆ ಮುಗಿದ ಸುಮಾರು 12 ವಾರಗಳ ಬಳಿಕವೇ ಮಾಡುತ್ತಾರೆ. ಅವಸರಪಟ್ಟು ಮೊದಲೇ ಮಾಡಿಸಿದರೆ ಬರಿಯ ಉರಿಯೂತವೂ ರೋಗದಂತೆ ಕಂಡು ಹೆದರಿಸುತ್ತದೆ.

ಥೈರಾಯ್ಡ್ ಗ್ರಂಥಿಯೂ ಕುತ್ತಿಗೆಯಲ್ಲಿಯೇ ಇರುವುದರಿಂದ ಬಹಳ ಮಂದಿಯಲ್ಲಿ ಅದು ನಿಧಾನವಾಗಿ ಸೋಲುತ್ತದೆ. ಆಲಸ್ಯ, ಚಳಿ, ಮಲಬದ್ಧತೆ, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಇವು ಅದರ ಲಕ್ಷಣಗಳು. "ರೋಗದ ಚಿಂತೆ ಹಚ್ಚಿಕೊಂಡಿದ್ದಾರೆ" ಎಂದು ಮನೆಯವರು ಸುಮ್ಮನಾಗುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಸರಿಹೋಗುವ ಈ ತೊಡಕಿನಿಂದ ವರ್ಷಗಟ್ಟಲೆ ಬಳಲುವವರನ್ನು ಕಂಡಾಗ ನಿಜಕ್ಕೂ ಮರುಕವೆನಿಸುತ್ತದೆ.

ನೂರರಲ್ಲಿ ಕೆಲವರಿಗೆ ಧ್ವನಿಪೆಟ್ಟಿಗೆ ಉಳಿದರೂ ನಿಷ್ಪ್ರಯೋಜಕವಾಗಿ, ಅನ್ನ ಉಸಿರುಗಳಿಗೆ ಅಡ್ಡಿಯಾಗುತ್ತದೆ. ಆಗ ಅದನ್ನು ತೆಗೆಸುವುದೇ ಬದುಕನ್ನು ಹಗುರಗೊಳಿಸುವ ದಾರಿಯೆಂದು ವೈದ್ಯರು ಹೇಳಿದರೆ ಸೋಲೆಂದು ತಿಳಿಯಬಾರದು. ಆರಂಭದಲ್ಲಿಯೇ ಶಸ್ತ್ರಕ್ರಿಯೆ ಮೇಲೆಂದು ಸಲಹೆ ಕೊಟ್ಟವರಿಗೂ ಇದೇ ಮಾತು ಅನ್ವಯಿಸುತ್ತದೆ. ಮಾತು ಶಾಶ್ವತವಾಗಿ ಹೋಗುತ್ತದೆಂಬ ಭೀತಿ ಈಗ ಹಿಂದಿನಷ್ಟು ನಿಜವಲ್ಲ. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ರೂಪಿಸಿದ 'ಓಂ' ಎಂಬ ಅಗ್ಗದ ಧ್ವನಿಸಾಧನದಂಥ ಉಪಕರಣಗಳಿಂದ, ಧ್ವನಿಪೆಟ್ಟಿಗೆ ಇಲ್ಲದವರೂ ಮತ್ತೆ ಮಾತನಾಡುತ್ತಿದ್ದಾರೆ.

ತಂಬಾಕಿನ ಬಗ್ಗೆ ಈ ಅಂಕಣದಲ್ಲಿ ಪದೇ ಪದೇ ಬರೆದಾಗಿದೆ. ಇಲ್ಲಿ ಇಷ್ಟೇ: ವಿಕಿರಣ ನಡೆಯುವಾಗ ಬೀಡಿ ಸೇದಿದರೆ ಚಿಕಿತ್ಸೆಯ ಫಲ ಕುಗ್ಗುತ್ತದೆ, ಹುಣ್ಣು ಹೆಚ್ಚುತ್ತದೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿಯೇ ಸಾರಿದೆ. ಮದುವೆಯ ತಾಂಬೂಲದ ತಟ್ಟೆಯನ್ನು ಗುಣಹೊಂದಿದ ಹಿರಿಯರ ಮುಂದೆ ಹಿಡಿದು ಒತ್ತಾಯಿಸುವ ಬಂಧುಗಳಿಗೆ ಏನನ್ನಬೇಕೋ ತಿಳಿಯದು.

ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ಉಂಡೆದ್ದರೂ ತಾನೊಬ್ಬನೇ ನೀರು ಗುಟುಕರಿಸುತ್ತ ಕುಳಿತಿರಬೇಕಾದೀತೆಂದು ಮಠಕ್ಕೂ ಮದುವೆಗೂ ಬರುವುದನ್ನೇ ಬಿಟ್ಟವರು ನಮ್ಮ ನಡುವೆ ಇದ್ದಾರೆ. ಕರೆಯಲು ಹೋದಾಗ "ಬರ್ತೀನಪ್ಪಾ" ಎನ್ನುತ್ತಾರೆ, ಬರುವುದಿಲ್ಲ. ಅವರ ಮಗ್ಗುಲಲ್ಲಿ ಕೂತು ನಿಧಾನವಾಗಿ ಉಣ್ಣುವ ಒಬ್ಬರಿದ್ದರೆ, ಸಾರಿನ ಬಟ್ಟಲೊಂದನ್ನು ಖಾರವಿಲ್ಲದೆ ಬೇರೆ ತೆಗೆದಿಟ್ಟರೆ, ಅವರು ಬಂದಾರು. ಮಠದ ಅಡಿಗೆಯವರಿಗೆ ಮೊದಲೇ ಒಂದು ಮಾತು ಹೇಳುವುದು ಯಾರಿಗೂ ಭಾರವಲ್ಲ.

ಕೊನೆಯದಾಗಿ ಕಾಗದಪತ್ರಗಳ ವಿಚಾರ. ಎಷ್ಟು ಗ್ರೇ, ಕುತ್ತಿಗೆಯ ಯಾವ ಭಾಗಕ್ಕೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಔಷಧಿ ಎಷ್ಟು ಸಲ ಎಂಬ ವಿವರವುಳ್ಳ ಬಿಡುಗಡೆ ಪತ್ರವನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಎರಡು ಪ್ರತಿ ಮಾಡಿಸಿ, ಜಮೀನಿನ ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಒಂದನ್ನು ಇಟ್ಟುಕೊಳ್ಳಿ. ಹತ್ತು ವರ್ಷಗಳ ಮೇಲೆ ಹಲ್ಲು ನೋವೆಂದು ತಾಲ್ಲೂಕಿನ ದಂತವೈದ್ಯರ ಬಳಿಗೆ ಹೋದಾಗ, ಅವರು ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ನೋಡಬೇಕಾದ ಪತ್ರ ಅದು.